ಹೆಸರಿಡುವ ಹಕ್ಕು ಯಾರದು?

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಸಂಪಾದಕರ ಮೇಜಿನಿಂದ ಮುದ್ರಣ ವಿಭಾಗಕ್ಕೆ ಹೋಗುತ್ತಿದ್ದ ಪ್ರತಿ ಹಾಳೆಯ ಮೇಲೂ ಎರಡು ಬಗೆಯ ಬರಹ ಇರುತ್ತಿತ್ತು. ಒಂದು, ಓದುಗರಿಗಾಗಿ ಬರೆದ ಸುದ್ದಿ. ಇನ್ನೊಂದು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚಿದ ಸೂಚನೆ: ಇದು ದಪ್ಪ ಅಕ್ಷರ, ಇದು ಎರಡು ಕಾಲಂ, ಇಲ್ಲಿಂದ ಹೊಸ ಪ್ಯಾರಾ. ಈ ಎರಡನೆಯದು ಎಂದೂ ಅಚ್ಚಾಗುತ್ತಿರಲಿಲ್ಲ. ಮೊಳೆ ಜೋಡಿಸುವವನ ಕಣ್ಣಿಗೆ ಬಿದ್ದು ಅವನ ಕೈಯಲ್ಲಿ ಕೆಲಸವಾದರೆ ಅದರ ಆಯುಷ್ಯ ಮುಗಿಯಿತು. ಇಂಗ್ಲಿಷ್ ಮುದ್ರಣಾಲಯಗಳಲ್ಲಿ ಇದನ್ನು 'ಮಾರ್ಕಪ್' ಎಂದು ಕರೆಯುತ್ತಿದ್ದರು.

ಆ ಕೆಂಪು ಶಾಯಿ ಈಗ ಕಂಪ್ಯೂಟರಿನ ಒಳಕ್ಕೆ ಸೇರಿದೆ. ಪರದೆಯ ಮೇಲೆ ಕಾಣುವ ಪ್ರತಿಯೊಂದು ವೆಬ್ ಪುಟದ ಬೆನ್ನಿಗೂ ಇಂಥ ಸೂಚನೆಗಳ ಸಾಲು ಸಾಲೇ ಇದೆ. ಅವನ್ನು ಬರೆಯುವ ಭಾಷೆಗಳಿಗೆ ಮಾರ್ಕಪ್ ಭಾಷೆಗಳೆಂದು ಹೆಸರು. ಎಚ್‌ಟಿಎಂಎಲ್, ಎಕ್ಸ್‌ಎಂಎಲ್ ಎಂಬ ಅಕ್ಷರಗಳು ಕಂಪ್ಯೂಟರ್ ಬಳಸುವವರ ಕಿವಿಗೆ ಎಂದಾದರೂ ಬಿದ್ದೇ ಇರುತ್ತವೆ. ಇವುಗಳ ಚರಿತ್ರೆ ಬರೀ ತಂತ್ರಜ್ಞಾನದ ಚರಿತ್ರೆಯಲ್ಲ. ಬರಹದ ಒಂದು ತುಣುಕಿಗೆ 'ಇದು ಇಂಥದು' ಎಂದು ಹೆಸರಿಡುವ ಹಕ್ಕು ಯಾರಿಗಿರಬೇಕು ಎಂಬ ಜಗಳದ ಚರಿತ್ರೆಯೂ ಹೌದು. ಅದರ ಮುಖ್ಯ ಪಾತ್ರಧಾರಿ ಒಬ್ಬ ವಕೀಲ ಎಂಬುದು ಇನ್ನೊಂದು ಸ್ವಾರಸ್ಯ.

ವಕೀಲನ ತಕರಾರು

1960ರ ದಶಕದಲ್ಲಿ ಅಮೆರಿಕದ ಮುದ್ರಣಾಲಯಗಳಿಗೆ ಕಂಪ್ಯೂಟರ್ ಕಾಲಿಟ್ಟಿತು. ಒಬ್ಬೊಬ್ಬ ತಯಾರಕನ ಯಂತ್ರಕ್ಕೆ ಒಂದೊಂದು ಸಂಕೇತ. ಒಂದು ಯಂತ್ರಕ್ಕೆಂದು ಬೆರಳಚ್ಚು ಮಾಡಿದ ಪುಸ್ತಕ ಇನ್ನೊಂದು ಯಂತ್ರಕ್ಕೆ ಅರ್ಥವೇ ಆಗುತ್ತಿರಲಿಲ್ಲ. 1967ರ ಸೆಪ್ಟೆಂಬರ್‌ನಲ್ಲಿ ಕೆನಡಾ ಸರ್ಕಾರದ ಮುದ್ರಣ ಕಚೇರಿಯಲ್ಲಿ ನಡೆದ ಸಭೆಯೊಂದರಲ್ಲಿ ವಿಲಿಯಂ ಟನಿಕ್ಲಿಫ್ ಎಂಬುವರು ಒಂದು ಸರಳ ವಾದ ಮುಂದಿಟ್ಟರು. ಬರಹದ ಹೂರಣ ಬೇರೆ, ಅದರ ಹೊರರೂಪ ಬೇರೆ. ಎರಡನ್ನೂ ಕಲಸಿ ಇಡಬಾರದು ಎಂಬುದು ಅದರ ಸಾರ. ಸುಮಾರು ಅದೇ ಹೊತ್ತಿಗೆ ನ್ಯೂಯಾರ್ಕ್‌ನ ಪುಸ್ತಕ ವಿನ್ಯಾಸಕಾರ ಸ್ಟಾನ್ಲಿ ರೈಸ್ ಕೂಡ ಎಲ್ಲ ಪುಸ್ತಕಗಳಿಗೂ ಹೊಂದುವ ಗುರುತುಗಳ ಪಟ್ಟಿಯೊಂದು ಬೇಕು ಎನ್ನುತ್ತಿದ್ದರು.

ಮಾತು ಯಂತ್ರಕ್ಕೆ ಇಳಿದದ್ದು 1969ರಲ್ಲಿ. ಚಾರ್ಲ್ಸ್ ಗೋಲ್ಡ್‌ಫಾರ್ಬ್ ಹಾರ್ವರ್ಡ್‌ನಲ್ಲಿ ಕಾನೂನು ಓದಿ ಬಾಸ್ಟನ್ನಿನಲ್ಲಿ ವಕೀಲಿ ಮಾಡುತ್ತಿದ್ದವರು. ಅದನ್ನು ಬಿಟ್ಟು 1967ರಲ್ಲಿ ಐಬಿಎಂ ಕಂಪನಿ ಸೇರಿದ್ದರು. ವಕೀಲರ ಕಚೇರಿಗಳಿಗೆ ಗಣಕ ವ್ಯವಸ್ಥೆಯೊಂದನ್ನು ರೂಪಿಸುವ ಕೆಲಸ ಅವರ ಪಾಲಿಗೆ ಬಂತು. ಜೊತೆಗೆ ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಇದ್ದರು.

ವಕೀಲರ ಕಚೇರಿಯಲ್ಲಿ ಕಾಗದದ ಕೆಲಸ ಮೂರು ಬಗೆಯದು. ಬರೆದು ತಿದ್ದಬೇಕು, ಹಳೆಯ ತೀರ್ಪುಗಳಿಂದ ಬೇಕಾದ್ದನ್ನು ಹುಡುಕಿ ತೆಗೆಯಬೇಕು, ಕೊನೆಗೆ ಅಚ್ಚುಕಟ್ಟಾಗಿ ಮುದ್ರಿಸಬೇಕು. ಮೂರಕ್ಕೂ ಪ್ರೋಗ್ರಾಂಗಳಿದ್ದವು. ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಒಂದು ಸಾಲಿನ ಪಕ್ಕದಲ್ಲಿ 'ದಪ್ಪ ಅಕ್ಷರ, ಸಾಲಿನ ಮಧ್ಯಕ್ಕೆ' ಎಂದು ಬರೆದಿದ್ದರೆ ಮುದ್ರಿಸುವ ಪ್ರೋಗ್ರಾಂಗೆ ಅಷ್ಟು ಸಾಕು. ಹುಡುಕುವ ಪ್ರೋಗ್ರಾಂಗೆ ಅದರಿಂದ ಏನು ಪ್ರಯೋಜನ? ದಪ್ಪಗಿರುವುದು ಮೊಕದ್ದಮೆಯ ಹೆಸರೋ, ಕಾಯಿದೆಯ ಕಲಮಿನ ಶೀರ್ಷಿಕೆಯೋ, ನ್ಯಾಯಾಧೀಶರ ಹೆಸರೋ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದರ ಬದಲು 'ಇದು ಮೊಕದ್ದಮೆಯ ಹೆಸರು' ಎಂದೇ ಹಣೆಪಟ್ಟಿ ಕಟ್ಟಿಬಿಟ್ಟರೆ? ಮುದ್ರಿಸುವ ಪ್ರೋಗ್ರಾಂ ಮೊಕದ್ದಮೆಯ ಹೆಸರುಗಳನ್ನೆಲ್ಲ ದಪ್ಪಗೆ ಅಚ್ಚು ಹಾಕುತ್ತದೆ. ಹುಡುಕುವ ಪ್ರೋಗ್ರಾಂ ಅವುಗಳನ್ನಷ್ಟೇ ಹೆಕ್ಕಿ ಕೊಡುತ್ತದೆ. ಹಣೆಪಟ್ಟಿ ಒಂದೇ, ಉಪಯೋಗ ಎರಡು.

ಈ ಹಣೆಪಟ್ಟಿಯೇ 'ಟ್ಯಾಗ್'. ಮೂವರೂ ಸೇರಿ ರೂಪಿಸಿದ ಭಾಷೆಗೆ 1971ರಲ್ಲಿ ಗೋಲ್ಡ್‌ಫಾರ್ಬ್ ಜಿಎಂಎಲ್ ಎಂದು ಹೆಸರಿಟ್ಟರು. ಜನರಲೈಸ್ಡ್ ಮಾರ್ಕಪ್ ಲಾಂಗ್ವೇಜ್ ಎಂಬುದು ವಿಸ್ತೃತ ರೂಪ. ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂರು ಹೆಸರುಗಳ ಮೊದಲ ಅಕ್ಷರಗಳೂ ಅವೇ. ಇದು ಕಾಕತಾಳೀಯವಲ್ಲ, ಬೇಕೆಂದೇ ಹಾಗೆ ಹೆಸರಿಟ್ಟದ್ದು ಎಂದು ಗೋಲ್ಡ್‌ಫಾರ್ಬ್ ಅವರೇ ಆಮೇಲೆ ಒಪ್ಪಿಕೊಂಡರು. ಹೆಸರಿಡುವುದನ್ನೇ ಕಸುಬು ಮಾಡಿಕೊಂಡವರು ತಮ್ಮ ಹೆಸರನ್ನು ಬಿಟ್ಟಾರೆಯೇ!

ಒಂದು ಕಂಪನಿಯ ಸೊತ್ತಾಗಿದ್ದ ಇದನ್ನು ಎಲ್ಲರ ಸೊತ್ತಾಗಿಸುವ ಕೆಲಸ 1978ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಸಮಿತಿಯೊಂದರಲ್ಲಿ ಆರಂಭವಾಯಿತು. ಸಮಿತಿಗಳ ನಡಿಗೆ ಗೊತ್ತೇ ಇದೆ. ಎಸ್‌ಜಿಎಂಎಲ್ ಎಂಬ ಹೆಸರಿನಲ್ಲಿ ಅದು ಐಎಸ್ಒ 8879 ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಾಗಿ ಹೊರಬಂದದ್ದು 1986ರ ಅಕ್ಟೋಬರ್‌ನಲ್ಲಿ. ಆ ಮಾನಕದ ಪಠ್ಯವನ್ನು ಮುದ್ರಣಕ್ಕೆ ಸಿದ್ಧಪಡಿಸಿದ್ದೂ ಎಸ್‌ಜಿಎಂಎಲ್ ಬಳಸಿಯೇ. ಆ ವ್ಯವಸ್ಥೆಯನ್ನು ಕಟ್ಟಿದವರು ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿದ್ದ ಆಂಡರ್ಸ್ ಬೆರ್ಗ್ಲುಂಡ್. ಸರ್ನ್ ಈ ಕಥೆಯಲ್ಲಿ ಮತ್ತೆ ಬರಲಿದೆ.

ಲಗ್ನಪತ್ರಿಕೆಯ ವ್ಯಾಕರಣ

ಎಸ್‌ಜಿಎಂಎಲ್‌ನ ವೈಶಿಷ್ಟ್ಯ ಎಲ್ಲಿದೆ? ಅದು ಟ್ಯಾಗ್‌ಗಳ ಪಟ್ಟಿಯನ್ನು ಕೊಡುವುದಿಲ್ಲ. ಪಟ್ಟಿ ಮಾಡಿಕೊಳ್ಳುವ ವ್ಯಾಕರಣವನ್ನು ಕೊಡುತ್ತದೆ. ಲಗ್ನಪತ್ರಿಕೆಯೊಂದನ್ನು ತೆಗೆದುಕೊಳ್ಳಬಹುದು. ಅದರಲ್ಲಿ ವರ, ವಧು, ಮುಹೂರ್ತ, ಸ್ಥಳ ಇರಲೇಬೇಕು. ಆಹ್ವಾನಿಸುವವರು ಒಬ್ಬರಿರಬಹುದು, ಹತ್ತು ಜನರಿರಬಹುದು. 'ಉಡುಗೊರೆಗಳನ್ನು ನಿರಾಕರಿಸಲಾಗಿದೆ' ಎಂಬ ಸಾಲು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಈ ಕಟ್ಟಳೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಲಗ್ನಪತ್ರಿಕೆಯ ವ್ಯಾಕರಣ ಸಿದ್ಧ. ಮುಹೂರ್ತ ಬರೆಯಲು ಮರೆತರೆ ಕಂಪ್ಯೂಟರೇ ಎಚ್ಚರಿಸುತ್ತದೆ. ವಿಮಾನದ ದುರಸ್ತಿ ಕೈಪಿಡಿಗೆ ಬೇರೆ ವ್ಯಾಕರಣ, ಔಷಧಿಯ ವಿವರಕ್ಕೆ ಬೇರೆ. ಯಾವ ಕಸುಬಿನವರಿಗೆ ಯಾವ ಹೆಸರು ಬೇಕೋ ಅದನ್ನು ಅವರೇ ಹುಟ್ಟಿಸಿಕೊಳ್ಳಬಹುದು. ಭಾಷೆ ಬೆಳೆಯುವುದು ಬಳಸುವವರ ಕೈಯಲ್ಲಿ ಎಂಬುದೇ ಇದರ ತಿರುಳು.

ಇದರ ಬೆಲೆ ಏನೆಂಬುದು ಇಂಗ್ಲಿಷಿನ ಅತಿ ದೊಡ್ಡ ನಿಘಂಟನ್ನು ಕಂಪ್ಯೂಟರಿಗೆ ಏರಿಸುವಾಗ ತಿಳಿಯಿತು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಮೊದಲ ಆವೃತ್ತಿ 1884ರಿಂದ 1928ರವರೆಗೆ ಕಂತು ಕಂತಾಗಿ ಬಂದಿತ್ತು. ಅದನ್ನೂ ಆಮೇಲಿನ ಪುರವಣಿ ಸಂಪುಟಗಳನ್ನೂ ಬೆಸೆದು ಹೊಸ ಆವೃತ್ತಿ ತರುವ ಯೋಜನೆ 1984ರಲ್ಲಿ ಆರಂಭವಾಯಿತು. ಅಮೆರಿಕದ ಫ್ಲಾರಿಡಾ ಮತ್ತು ಪೆನ್ಸಿಲ್ವೇನಿಯಾದಲ್ಲಿ ಕುಳಿತ 120 ಬೆರಳಚ್ಚುಗಾರರು 35 ಕೋಟಿಗೂ ಹೆಚ್ಚು ಅಕ್ಷರಗಳನ್ನು ಒತ್ತಿದರು. ಇಂಗ್ಲೆಂಡಿನಲ್ಲಿ 55 ಮಂದಿ ಕರಡು ತಿದ್ದಿದರು.

ಒತ್ತಿದ್ದೇನೋ ಸರಿ, ಒತ್ತಿದ್ದು ಏನು ಎಂದು ಕಂಪ್ಯೂಟರಿಗೆ ಹೇಳುವವರು ಯಾರು? ಹಳೆಯ ನಿಘಂಟಿನ ಪುಟದಲ್ಲಿ ಓರೆ ಅಕ್ಷರದಲ್ಲಿರುವುದು ಒಮ್ಮೆ ಉಲ್ಲೇಖಿಸಿದ ಗ್ರಂಥದ ಹೆಸರಾಗಿರುತ್ತದೆ, ಒಮ್ಮೆ ಬೇರೆ ಭಾಷೆಯ ಪದವಾಗಿರುತ್ತದೆ, ಇನ್ನೊಮ್ಮೆ ವ್ಯಾಕರಣದ ಸೂಚನೆಯಾಗಿರುತ್ತದೆ. ಓದುವ ಮನುಷ್ಯ ಸಂದರ್ಭ ನೋಡಿ ಊಹಿಸುತ್ತಾನೆ. ಯಂತ್ರಕ್ಕೆ ಎಲ್ಲವೂ ಬರೀ ಓರೆ ಅಕ್ಷರವೇ. ಆದ್ದರಿಂದ ಇದು ಮುಖ್ಯ ಪದ, ಇದು ಉಚ್ಚಾರಣೆ, ಇದು ವ್ಯುತ್ಪತ್ತಿ, ಇದು ಉದ್ಧರಣೆ, ಇದು ಉದ್ಧರಣೆಯ ಇಸವಿ ಎಂದು ಬಿಡಿಬಿಡಿಯಾಗಿ ಎಸ್‌ಜಿಎಂಎಲ್ ಮಾದರಿಯ ಟ್ಯಾಗ್‌ಗಳನ್ನು ಕಟ್ಟಬೇಕಾಯಿತು. 20 ಸಂಪುಟಗಳ ಎರಡನೆಯ ಆವೃತ್ತಿ 1989ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಉದ್ಧರಣೆಗಳೇ ಸುಮಾರು 24 ಲಕ್ಷ. ಇಂಥ ಲೇಖಕನಿಂದ ತೆಗೆದುಕೊಂಡ ಉದ್ಧರಣೆಗಳೆಷ್ಟು, ಇಂಥ ಶತಮಾನದಲ್ಲಿ ಮೊದಲು ಕಾಣಿಸಿಕೊಂಡ ಪದಗಳಾವುವು ಎಂಬ ಪ್ರಶ್ನೆಗೆ ಹಿಂದೆ ವಿದ್ವಾಂಸನೊಬ್ಬ ಆಯುಷ್ಯವನ್ನೇ ತೆರಬೇಕಿತ್ತು. ಟ್ಯಾಗ್ ಕಟ್ಟಿದ ಮೇಲೆ ಅದು ಯಂತ್ರ ಉತ್ತರಿಸಬಲ್ಲ ಪ್ರಶ್ನೆಯಾಯಿತು. ಈ ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್ ರೂಪಿಸಿದವರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ಮುಖ್ಯರು. ಅಲ್ಲಿ 1987ರಿಂದ 1989ರವರೆಗೆ ಯೋಜನೆಯ ಮ್ಯಾನೇಜರ್ ಆಗಿದ್ದ ಟಿಮ್ ಬ್ರೇ ಮುಂದೆ ಇದೇ ಕಥೆಯ ಇನ್ನೊಂದು ತಿರುವಿಗೆ ಕಾರಣರಾದರು.

ನಿಘಂಟಿನವರು ಟ್ಯಾಗ್ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ, 1987ರ ಕೊನೆಗೆ, ಹಳೆಯ ಹಸ್ತಪ್ರತಿಗಳ ವಿದ್ವಾಂಸರೂ ಅಮೆರಿಕದಲ್ಲಿ ಸೇರಿ ತಮ್ಮ ಕಸುಬಿನ ಟ್ಯಾಗ್‌ಗಳನ್ನು ರೂಪಿಸತೊಡಗಿದರು. ಶಾಸನ ಸಂಪುಟಗಳಲ್ಲಿ ಸವೆದ ಅಕ್ಷರವನ್ನು ಕಂಸದಲ್ಲಿ ಹಾಕುವ ರೂಢಿಯುಂಟಲ್ಲ, ಹಾಗೆಯೇ 'ಇಲ್ಲಿ ಲಿಪಿಕಾರ ಹೊಡೆದುಹಾಕಿದ್ದಾನೆ', 'ಇದು ಸಂಪಾದಕನ ಊಹೆ' ಎಂದು ಹೇಳುವ ಟ್ಯಾಗ್‌ಗಳು ಅವರಿಗೆ ಬೇಕಿದ್ದವು. ಇಂಥ ಹೆಸರುಗಳು ಯಾವ ಕಂಪ್ಯೂಟರ್ ಕಂಪನಿಯ ತಲೆಗೆ ಹೊಳೆದಾವು?

ಮಿನುಗುವ ಅಕ್ಷರಗಳ ಕಾಲ

ಇಷ್ಟಾದರೂ ಎಸ್‌ಜಿಎಂಎಲ್ ಜನಸಾಮಾನ್ಯರ ಬಳಿಗೆ ಬರಲಿಲ್ಲ. ಅದು ಬಲು ದೊಡ್ಡದು, ಬಲು ಕಠಿಣ. ಸೇನೆ, ವಿಮಾನ ಕಂಪನಿ, ದೊಡ್ಡ ಪ್ರಕಾಶನ ಸಂಸ್ಥೆಗಳಿಗಷ್ಟೇ ಅದನ್ನು ಸಾಕುವ ಶಕ್ತಿ ಇತ್ತು.

ಸರ್ನ್‌ನಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್ಬಿನ ಪ್ರಸ್ತಾವ ಮುಂದಿಟ್ಟು 1990ರ ಕೊನೆಗೆ ಅದನ್ನು ಓಡಿಸಿ ತೋರಿಸಿದಾಗ ಪುಟಗಳನ್ನು ಬರೆಯಲು ಒಂದು ಭಾಷೆ ಬೇಕಾಯಿತು. ಪ್ರಯೋಗಾಲಯದಲ್ಲಿ ಆಗಲೇ ಬಳಕೆಯಲ್ಲಿದ್ದ ಎಸ್‌ಜಿಎಂಎಲ್ ಟ್ಯಾಗ್‌ಗಳಿಂದ ಶೀರ್ಷಿಕೆ, ಪ್ಯಾರಾ, ಪಟ್ಟಿ ಮೊದಲಾದವನ್ನು ಅವರು ಎತ್ತಿಕೊಂಡರು. ಒಂದು ಪುಟದಿಂದ ಇನ್ನೊಂದಕ್ಕೆ ಜಿಗಿಯುವ ಕೊಂಡಿಯನ್ನು ತಾವು ಸೇರಿಸಿದರು. ಅದೇ ಎಚ್‌ಟಿಎಂಎಲ್. 1991ರಲ್ಲಿ ಅವರು ವಿವರಿಸಿದ ಪಟ್ಟಿಯಲ್ಲಿ ಇದ್ದದ್ದು ಹದಿನೆಂಟೇ ಟ್ಯಾಗ್. ಅರ್ಧ ದಿನದಲ್ಲಿ ಕಲಿಯಬಹುದಾಗಿತ್ತು. ವೆಬ್ ಕಾಡುಕಿಚ್ಚಿನಂತೆ ಹಬ್ಬಿದ್ದಕ್ಕೆ ಈ ಸರಳತೆಯೂ ಒಂದು ಕಾರಣ.

ಆದರೆ ಗೋಲ್ಡ್‌ಫಾರ್ಬ್ ಕೊಟ್ಟಿದ್ದ ಸ್ವಾತಂತ್ರ್ಯ ಇಲ್ಲಿ ಮಾಯವಾಗಿತ್ತು. ಪಟ್ಟಿ ಗೊತ್ತುಪಡಿಸಿದ್ದು. ಪುಸ್ತಕದ ವ್ಯಾಪಾರಿ ತನ್ನ ಪುಟದಲ್ಲಿ 'ಬೆಲೆ' ಎಂಬ ಹೊಸ ಟ್ಯಾಗ್ ಬರೆದರೆ ಬ್ರೌಸರ್‌ಗಳು ಅದನ್ನು ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲ. ಬೆಲೆಯನ್ನೂ ದೂರವಾಣಿ ಸಂಖ್ಯೆಯನ್ನೂ ಅವನು ದಪ್ಪ ಅಕ್ಷರದಲ್ಲೇ ಹಾಕಬೇಕು. ಯಾವುದು ಯಾವುದೆಂದು ಯಂತ್ರ ಹೇಗೂ ಅರಿಯದು. ಪಟ್ಟಿಯನ್ನು ಬೆಳೆಸುವ ಬಲ ಇದ್ದದ್ದು ಬ್ರೌಸರ್ ತಯಾರಕರಿಗೆ ಮಾತ್ರ. 1993ರಲ್ಲಿ ಮಾರ್ಕ್ ಆಂಡ್ರೀಸೆನ್ ಚಿತ್ರ ತೋರಿಸುವ ಟ್ಯಾಗನ್ನು ಸೇರಿಸಿದರು. ಅದು ಉಪಕಾರವೇ ಆಯಿತು. ಆಮೇಲೆ ನೆಟ್‌ಸ್ಕೇಪ್ ಮತ್ತು ಮೈಕ್ರೊಸಾಫ್ಟ್ ಪೈಪೋಟಿಗೆ ಬಿದ್ದು, ಒಬ್ಬರು ಅಕ್ಷರಗಳನ್ನು ಮಿನುಗಿಸುವ ಟ್ಯಾಗ್ ತಂದರೆ ಇನ್ನೊಬ್ಬರು ಅಕ್ಷರಗಳನ್ನು ಅಡ್ಡಲಾಗಿ ಓಡಿಸುವ ಟ್ಯಾಗ್ ತಂದರು. 'ಏನು' ಎಂದು ಹೇಳಬೇಕಿದ್ದ ಭಾಷೆ ಮತ್ತೆ 'ಹೇಗೆ ಕಾಣಬೇಕು' ಎಂಬುದಕ್ಕೆ ಜಾರಿತು.

ಮುಖ ನೋಡದೆ ಕಟ್ಟಿದ ಭಾಷೆ

ಎಸ್‌ಜಿಎಂಎಲ್ ಬಲ್ಲವರಿಗೆ ಇದನ್ನು ನೋಡಿ ಹೊಟ್ಟೆ ಉರಿಯಿತು. ಸನ್ ಮೈಕ್ರೊಸಿಸ್ಟಮ್ಸ್‌ನ ಜಾನ್ ಬೊಸಾಕ್ 1996ರಲ್ಲಿ ವೆಬ್ಬಿನ ಮಾನಕಗಳನ್ನು ನೋಡಿಕೊಳ್ಳುವ ಡಬ್ಲ್ಯು3ಸಿ ಒಕ್ಕೂಟದ ಆಶ್ರಯದಲ್ಲಿ ಒಂದು ತಂಡ ಕಟ್ಟಿದರು. ಎಸ್‌ಜಿಎಂಎಲ್‌ನಲ್ಲಿ ಬೇಡದ್ದನ್ನೆಲ್ಲ ಕತ್ತರಿಸಿ, ವೆಬ್ಬಿಗೆ ಹೊಂದುವ ಹಗುರ ಭಾಷೆ ಮಾಡುವುದು ಉದ್ದೇಶ. ತಂಡದ ತಿರುಳಿನಲ್ಲಿದ್ದವರು ಹನ್ನೊಂದೇ ಮಂದಿ. ಅವರು ಮುಖಾಮುಖಿ ಸೇರಿದ್ದೇ ಇಲ್ಲ! ವಾರಕ್ಕೊಮ್ಮೆ ದೂರವಾಣಿ ಸಭೆ, ಉಳಿದಂತೆ ಇ-ಮೇಲ್. ಮುಖ್ಯ ತೀರ್ಮಾನಗಳೆಲ್ಲ ಆ ವರ್ಷದ ಆಗಸ್ಟ್‌ನಿಂದ ನವೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮುಗಿದವು. ಎಂಟು ವರ್ಷ ತೆಗೆದುಕೊಂಡ ಹಿಂದಿನ ಸಮಿತಿಗೆ ಹೋಲಿಸಿದರೆ ಇದು ಕಣ್ಣು ಮಿಟುಕಿಸಿದಂತೆ.

ಹೊಸ ಭಾಷೆಗೆ ಮ್ಯಾಗ್ಮಾ, ಸ್ಲಿಮ್ ಎಂಬ ಹೆಸರುಗಳೂ ಬಂದಿದ್ದವು. ಉಳಿದದ್ದು ಜೇಮ್ಸ್ ಕ್ಲಾರ್ಕ್ ಸೂಚಿಸಿದ ಎಕ್ಸ್‌ಎಂಎಲ್. ಎಕ್ಸ್‌ಟೆನ್ಸಿಬಲ್, ಅಂದರೆ ಬೆಳೆಸಬಹುದಾದ ಮಾರ್ಕಪ್ ಭಾಷೆ. ಇಂಗ್ಲಿಷ್ ಕಾಗುಣಿತದ ಪ್ರಕಾರ ಮೊದಲ ಅಕ್ಷರ 'ಇ' ಆಗಬೇಕಿತ್ತು. ಕಿವಿಗೆ ಎಕ್ಸ್ ಗತ್ತಾಗಿ ಕೇಳಿಸುತ್ತದೆ, ಅಷ್ಟೇ.

ಸಂಪಾದಕರಲ್ಲಿ ಒಬ್ಬರು ಆಕ್ಸ್‌ಫರ್ಡ್ ನಿಘಂಟಿನ ಕೆಲಸ ಮಾಡಿದ್ದ ಟಿಮ್ ಬ್ರೇ. ಇನ್ನೊಬ್ಬರು ಹಸ್ತಪ್ರತಿ ವಿದ್ವಾಂಸರ ಯೋಜನೆಯ ಮೈಕೆಲ್ ಸ್ಪರ್ಬರ್ಗ್-ಮೆಕ್ವೀನ್. ಕೆಲಸ ಅರ್ಧಕ್ಕೆ ಬಂದಿದ್ದಾಗ, 1997ರಲ್ಲಿ, ಬ್ರೇ ಅವರು ನೆಟ್‌ಸ್ಕೇಪ್ ಕಂಪನಿಗೆ ಸಲಹೆಗಾರರಾದರು. ಮೈಕ್ರೊಸಾಫ್ಟ್ ಜೋರಾಗಿಯೇ ಆಕ್ಷೇಪಿಸಿತು. ಬ್ರೇ ತಾತ್ಕಾಲಿಕವಾಗಿ ಸಂಪಾದಕತ್ವ ಬಿಡಬೇಕಾಯಿತು. ಕೊನೆಗೆ ಮೈಕ್ರೊಸಾಫ್ಟ್‌ನ ಜೀನ್ ಪಾವೊಲಿ ಅವರನ್ನು ಮೂರನೆಯ ಸಂಪಾದಕರಾಗಿ ಸೇರಿಸಿಕೊಂಡು ರಾಜಿ ಆಯಿತು. 1998ರ ಫೆಬ್ರುವರಿ 10ರಂದು ಎಕ್ಸ್‌ಎಂಎಲ್ 1.0 ಮಾನಕವಾಗಿ ಹೊರಬಂತು.

ಎಕ್ಸ್‌ಎಂಎಲ್‌ನಲ್ಲಿ ಯಾರು ಬೇಕಾದರೂ ಟ್ಯಾಗ್ ಹುಟ್ಟಿಸಬಹುದು. ಕಟ್ಟುಪಾಡುಗಳು ಕೆಲವೇ. ತೆರೆದ ಟ್ಯಾಗನ್ನು ಮುಚ್ಚಲೇಬೇಕು. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ ಒಳಗಿನದನ್ನು ಮುಚ್ಚಿದ ಮೇಲೆಯೇ ಹೊರಗಿನದನ್ನು ಮುಚ್ಚಬೇಕು. ತಪ್ಪಿದರೆ ಕ್ಷಮೆಯಿಲ್ಲ, ಓದುವ ಪ್ರೋಗ್ರಾಂ ಅಲ್ಲಿಗೇ ನಿಲ್ಲಬೇಕು. ಈ ಕಠಿಣ ನಿಯಮದ ಬಗ್ಗೆ ತಂಡದಲ್ಲಿ ದೊಡ್ಡ ಜಗಳವೇ ನಡೆಯಿತು. ಎಚ್‌ಟಿಎಂಎಲ್ ಬ್ರೌಸರ್‌ಗಳು ತಪ್ಪು ಬರೆದರೂ 'ಹೋಗಲಿ ಬಿಡು' ಎಂದು ಹೇಗೋ ತೋರಿಸಿಬಿಡುತ್ತಿದ್ದವು. ಒಂದು ಬ್ರೌಸರ್ ಕ್ಷಮಿಸಿದ ತಪ್ಪನ್ನು ಇನ್ನೊಂದೂ ಕ್ಷಮಿಸಬೇಕಾಗಿ ಬಂದು, ಎಲ್ಲವೂ ಗೋಜಲಾಗಿತ್ತು. ಮತ್ತೆ ಹಾಗಾಗಬಾರದೆಂಬುದೇ ಕಠಿಣ ಪಕ್ಷದವರ ವಾದ. ಅವರೇ ಗೆದ್ದರು.

ಕನ್ನಡದಲ್ಲೂ ಟ್ಯಾಗ್

ಕನ್ನಡಿಗರಿಗೆ ನೇರವಾಗಿ ತಾಗುವ ತೀರ್ಮಾನವೊಂದು ಇದರಲ್ಲಿತ್ತು. ಎಕ್ಸ್‌ಎಂಎಲ್ ತನ್ನ ಅಕ್ಷರಗಳಿಗೆ ಯೂನಿಕೋಡನ್ನು ಆಧಾರವಾಗಿ ಇಟ್ಟುಕೊಂಡಿತು. ಆಗ ಕನ್ನಡದ ಡಿಟಿಪಿ ಹೇಗಿತ್ತೆಂದು ಆ ಕೆಲಸ ಮಾಡಿದವರಿಗೆ ನೆನಪಿರುತ್ತದೆ. ಒಂದು ಫಾಂಟ್‌ನಲ್ಲಿ ಮಾಡಿದ ಪುಟ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತಿತ್ತು. ಕಾರಣ, ಅಲ್ಲಿ ಉಳಿಸಿಟ್ಟದ್ದು 'ಕ' ಎಂಬ ಅಕ್ಷರವನ್ನಲ್ಲ, ಅದರ ಆಕಾರದ ತುಂಡುಗಳನ್ನು. ಟನಿಕ್ಲಿಫ್ ಎತ್ತಿದ ತಕರಾರೇ ಇಲ್ಲಿ ಅಕ್ಷರದ ಮಟ್ಟದಲ್ಲಿ ನಿಂತಿತ್ತು. ಯೂನಿಕೋಡ್ 'ಇದು ಕ' ಎಂದು ಹೇಳುತ್ತದೆ. ಹೇಗೆ ಕಾಣಬೇಕೆಂಬುದು ಫಾಂಟ್‌ಗೆ ಬಿಟ್ಟದ್ದು.

ಒಳಗಿನ ಬರಹವಷ್ಟೇ ಅಲ್ಲ, ಟ್ಯಾಗ್‌ಗಳ ಹೆಸರೂ ಕನ್ನಡದಲ್ಲಿರಬಹುದು ಎಂಬುದು 1998ರ ಮಾನಕದಲ್ಲೇ ಇತ್ತು. ಹೀಗೆ:

<ಲಗ್ನಪತ್ರಿಕೆ><ವಧು>ಸುಮಾ</ವಧು><ವರ>ರಮೇಶ</ವರ><ಮುಹೂರ್ತ>ಬೆಳಿಗ್ಗೆ 10-30</ಮುಹೂರ್ತ></ಲಗ್ನಪತ್ರಿಕೆ>

ಇದು ನಿಯಮಕ್ಕೆ ಅನುಗುಣವಾದ ಎಕ್ಸ್‌ಎಂಎಲ್. ಈ ಭಾಗ್ಯ ಎಲ್ಲ ಭಾಷೆಗಳಿಗೂ ಇರಲಿಲ್ಲ. ಆಗಿನ ಯೂನಿಕೋಡ್ ಆವೃತ್ತಿಯಲ್ಲಿ ಇಲ್ಲದ ಬರ್ಮೀ, ಅಮ್ಹಾರಿಕ್, ಕಾಂಬೋಡಿಯಾದ ಖ್ಮೇರ್ ಲಿಪಿಗಳಲ್ಲಿ ಟ್ಯಾಗ್ ಹೆಸರಿಡುವಂತಿರಲಿಲ್ಲ. ಅದನ್ನು ಸರಿಪಡಿಸಲು 2004ರಲ್ಲಿ ಎಕ್ಸ್‌ಎಂಎಲ್ 1.1 ತಂದರು, ಅದನ್ನು ಹೆಚ್ಚು ಜನ ಬಳಸಲಿಲ್ಲ. ಕೊನೆಗೆ 2008ರಲ್ಲಿ 1.0ರ ಐದನೆಯ ಆವೃತ್ತಿಯಲ್ಲಿ ಬಾಗಿಲು ತೆರೆಯಿತು. ಬಾಗಿಲು ತೆರೆದೇ ಇದ್ದ ಕನ್ನಡದವರು ಒಳಗೆ ಹೋದದ್ದು ಮಾತ್ರ ಅಪರೂಪ. ಕನ್ನಡದ ಕಡತಗಳಿಗೂ ಇಂಗ್ಲಿಷ್ ಹೆಸರಿನ ಟ್ಯಾಗ್‌ಗಳೇ ರೂಢಿಯಾದವು.

ಸ್ವಾತಂತ್ರ್ಯದ ತೆರಿಗೆ

ಗಣಿತದವರು 1998ರಲ್ಲೇ ತಮ್ಮದೊಂದು ಎಕ್ಸ್‌ಎಂಎಲ್ ಮಾಡಿಕೊಂಡರು. ರಸಾಯನ ವಿಜ್ಞಾನಿಗಳು, ಸಂಗೀತದ ಸ್ವರಲಿಪಿ ಬರೆಯುವವರು, ಲೆಕ್ಕಪರಿಶೋಧಕರು ಕೂಡ ಮಾಡಿಕೊಂಡರು. ಭಾರತದ ಕಂಪನಿ ವ್ಯವಹಾರಗಳ ಸಚಿವಾಲಯ 2011ರಲ್ಲಿ ಕೆಲವು ವರ್ಗದ ಕಂಪನಿಗಳು ಲೆಕ್ಕಪತ್ರ ಸಲ್ಲಿಸಲು ಕಡ್ಡಾಯ ಮಾಡಿದ ಎಕ್ಸ್‌ಬಿಆರ್‌ಎಲ್ ಇದರದೇ ಒಂದು ಕವಲು.

ಆದರೆ ಎಲ್ಲರಿಗೂ ಹೆಸರಿಡುವ ಹಕ್ಕು ಸಿಕ್ಕರೆ ಏನಾಗುತ್ತದೆ? ಒಬ್ಬ ವ್ಯಾಪಾರಿ 'ಬೆಲೆ' ಎಂದ, ಇನ್ನೊಬ್ಬ 'ದರ' ಎಂದ, ಮೂರನೆಯವನ 'ಬೆಲೆ'ಯಲ್ಲಿ ತೆರಿಗೆಯೂ ಸೇರಿತ್ತು. ವ್ಯಾಕರಣ ಎಲ್ಲರದೂ ಶುದ್ಧ. ಅರ್ಥ ಮಾತ್ರ ಕೂಡಿಬರದು. ಒಂದೇ ಹೆಸರನ್ನು ಇಬ್ಬರು ಬಳಸಿದರೆ ಯಾರದು ಯಾವುದೆಂದು ತಿಳಿಯಲು 1999ರಲ್ಲಿ ಟ್ಯಾಗ್‌ಗಳಿಗೆ ಮನೆತನದ ಹೆಸರಿನಂಥ ವ್ಯವಸ್ಥೆಯನ್ನೂ ತಂದರು. ಹಗುರವಾಗಿ ಹುಟ್ಟಿದ ಭಾಷೆಯ ಮೇಲೆ ಇಂಥ ಪೂರಕ ಮಾನಕಗಳ ಹೊರೆ ಏರುತ್ತಾ ಹೋಯಿತು. ಡಗ್ಲಸ್ ಕ್ರಾಕ್‌ಫರ್ಡ್ 2001ರಲ್ಲಿ ರೂಪಿಸಿದ ಜೇಸನ್ ಎಂಬ ಪುಟ್ಟ ವಿಧಾನ ಪ್ರೋಗ್ರಾಂಗಳ ನಡುವಿನ ಮಾಹಿತಿ ವಿನಿಮಯದಲ್ಲಿ ಕ್ರಮೇಣ ಎಕ್ಸ್‌ಎಂಎಲ್ ಅನ್ನು ಪಕ್ಕಕ್ಕೆ ಸರಿಸಿತು.

ವೆಬ್ ಪುಟಗಳನ್ನು ಎಕ್ಸ್‌ಎಂಎಲ್ ಶಿಸ್ತಿಗೆ ತರುವ ಪ್ರಯತ್ನವೂ ಕೈಗೂಡಲಿಲ್ಲ. ಎಕ್ಸ್‌ಎಚ್‌ಟಿಎಂಎಲ್ ಎಂಬ ಹೆಸರಿನಲ್ಲಿ 2000ದಲ್ಲಿ ಅದು ಬಂತು. ಒಂದು ಟ್ಯಾಗ್ ಮುಚ್ಚಲು ಮರೆತರೆ ಇಡೀ ಪುಟವೇ ಕಾಣದು ಎಂಬುದನ್ನು ಯಾವ ವ್ಯಾಪಾರಿ ಒಪ್ಪುತ್ತಾನೆ? ಅದರ ಎರಡನೆಯ ಆವೃತ್ತಿಯ ಕೆಲಸವನ್ನು 2009ರಲ್ಲಿ ಕೈಬಿಡಲಾಯಿತು. 2014ರಲ್ಲಿ ಮಾನಕವಾದ ಎಚ್‌ಟಿಎಂಎಲ್5 ತಪ್ಪುಗಳನ್ನು ಶಿಕ್ಷಿಸಲಿಲ್ಲ. ಯಾವ ತಪ್ಪನ್ನು ಹೇಗೆ ಕ್ಷಮಿಸಬೇಕು ಎಂಬುದನ್ನೇ ವಿವರವಾಗಿ ನಿಯಮ ಮಾಡಿತು.

ಹಾಗಾದರೆ ಎಕ್ಸ್‌ಎಂಎಲ್ ಎಲ್ಲಿದೆ? ಹೆಚ್ಚು ದೂರ ಹೋಗಬೇಕಿಲ್ಲ. 2007ರ ಆವೃತ್ತಿಯಿಂದೀಚೆಗೆ ಮೈಕ್ರೊಸಾಫ್ಟ್ ವರ್ಡ್ ಉಳಿಸುವ 'ಡಾಕ್ಸ್' ಕಡತ ನಿಜಕ್ಕೂ ಕಟ್ಟಿಟ್ಟ ಒಂದು ಗಂಟು. ಅದರ ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯನ್ನು 'ಜಿಪ್' ಎಂದು ಬದಲಿಸಿ ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ಕಡತಗಳು ಕಾಣುತ್ತವೆ. ಕಚೇರಿಯ ಗುಮಾಸ್ತರು ಟೈಪು ಮಾಡಿದ ಸುತ್ತೋಲೆಯೊಂದನ್ನು ಹೀಗೆ ಬಿಚ್ಚಿ ನೋಡಬಹುದು. ಅವರು ಶೀರ್ಷಿಕೆಯ ಸಾಲನ್ನು ಎಲ್ಲರೂ ಮಾಡುವಂತೆ ಮೌಸ್‌ನಿಂದ ಆರಿಸಿ, ದೊಡ್ಡದಾಗಿಸಿ, ದಪ್ಪ ಮಾಡಿ, ಮಧ್ಯಕ್ಕೆ ತಂದಿದ್ದರೆ ಆ ಸಾಲಿನ ಟ್ಯಾಗ್‌ಗಳಲ್ಲಿ 'ಶೀರ್ಷಿಕೆ' ಎಂಬ ಮಾತು ಎಲ್ಲೂ ಇರುವುದಿಲ್ಲ. ಅಲ್ಲಿ ಬರೆದಿರುವುದು ಇಷ್ಟು: ದಪ್ಪ ಅಕ್ಷರ, ಗಾತ್ರ 28 ಅರ್ಧ ಪಾಯಿಂಟ್, ಸಾಲಿನ ಮಧ್ಯಕ್ಕೆ.